ಹೊಗೆಯಿಲ್ಲದ ತಂಬಾಕು, ಹುರುಳಿಲ್ಲದ ನಂಬಿಕೆ

“ನಾನೇನು ಸಿಗರೇಟು ಸೇದೋನಲ್ಲ. ಊಟ ಆದ್ಮೇಲೆ ಎಲೆ ಅಡಿಕೆ ಜೊತೆ ಚೂರು ಹೊಗೆಸೊಪ್ಪು, ಅಷ್ಟೇ.” ಮಲೆನಾಡಿನ ಜಗಲಿಯಿಂದ ಬಯಲುಸೀಮೆಯ ಅರಳಿಕಟ್ಟೆಯವರೆಗೆ ಈ ಮಾತು ಕೇಳದವರು ಕಡಿಮೆ. ಅಪಾಯವೆಲ್ಲ ಹೊಗೆಯಲ್ಲಿದೆ, ಅಗಿದು ಉಗುಳಿದರೆ ತೊಂದರೆಯಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ನಮ್ಮಲ್ಲಿ ಅತಿ ಹೆಚ್ಚು ಹಾನಿ ಮಾಡುತ್ತಿರುವ ತಪ್ಪು ಕಲ್ಪನೆ ಇದೇ ಎಂದು ನನಗನ್ನಿಸುತ್ತದೆ.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8ರಷ್ಟಿದ್ದರೆ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಹೆಚ್ಚುಕಡಿಮೆ ಎರಡು ಪಟ್ಟು. ಎಲೆಯನ್ನು ಒಣಗಿಸಿ ಹದ ಮಾಡುವಾಗಲೇ ನೈಟ್ರೊಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಅದರಲ್ಲಿ ಹುಟ್ಟಿಕೊಳ್ಳುತ್ತವೆ. ಬೆಂಕಿ ತಾಗಲೇಬೇಕೆಂದಿಲ್ಲ. ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿಗಳ ಕ್ಯಾನ್ಸರ್‌ಗೆ ಅಗಿಯುವ ತಂಬಾಕು ಕಾರಣ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನ ಉಳಿದಿಲ್ಲ. ಭಾರತದ ಗಂಡಸರಲ್ಲಿ ಬಾಯಿಯ ಕ್ಯಾನ್ಸರ್ ಇಷ್ಟೊಂದು ಹೆಚ್ಚಿರುವುದಕ್ಕೆ ಮುಖ್ಯ ಕಾರಣವೂ ಇದೇ.

“ಹಾಗಾದರೆ ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿಕೊಳ್ಳುತ್ತೇನೆ” ಎನ್ನುವವರೂ ಇದ್ದಾರೆ. ಅಡಿಕೆ ಬೆಳೆಯುವ ನಾಡಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು: ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ತೀರ್ಮಾನಿಸಿದೆ. ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ಗಡುಸಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬಾಯಿ ತೆರೆಯುವುದು ಬರಬರುತ್ತಾ ಕಷ್ಟವಾಗುತ್ತದೆ. ಅಷ್ಟಾದರೂ ನೋವಿಲ್ಲವಲ್ಲ ಎಂದು ಎಷ್ಟೋ ಮಂದಿ ಸುಮ್ಮನಿರುತ್ತಾರೆ. ಮೂರು ಬೆರಳು ಬಾಯೊಳಗೆ ನೆಟ್ಟಗೆ ಹಿಡಿಸುತ್ತಿಲ್ಲವಾದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಇದ್ದರೆ ದಂತವೈದ್ಯರಿಗೆ ತೋರಿಸಲು ತಡ ಮಾಡಬಾರದು.

ಗುಟ್ಕಾ ನಿಷೇಧವಾಗಿದೆ, ಅಲ್ಲಿಗೆ ಆ ಪಿಡುಗು ಮುಗಿಯಿತು ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ನಿಷೇಧ ಬಂತು. ಅದಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಅಕ್ಕಪಕ್ಕ ನೇತಾಡತೊಡಗಿದವು. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ಅದೇ ಗುಟ್ಕಾ. ಕಾನೂನಿನ ಈ ಸಂದನ್ನು ಮುಚ್ಚದೆ ನಿಷೇಧ ಪೂರ್ತಿಯಾಗದು.

ಬೀಡಿಯ ಬಗ್ಗೆ ಒಂದೇ ಮಾತು. ಅದು ಎಲೆಯಲ್ಲಿ ಸುತ್ತಿದ್ದು, ಸಿಗರೇಟಿಗಿಂತ ‘ನ್ಯಾಚುರಲ್’ ಎನ್ನುವುದು ಸುಳ್ಳು. ಆ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಬೇಗ ಆರಿಹೋಗುವುದರಿಂದ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹಾಗೆ ಒಳಗೆ ಹೋಗುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನಲ್ಲ.

ಇನ್ನೊಂದು ನಂಬಿಕೆ ಓದು ಬರಹ ಬಲ್ಲವರಲ್ಲೇ ಹೆಚ್ಚು: “ಪ್ಯಾಕೆಟ್ ಮೇಲೆ ಚಿತ್ರ ಹಾಕಿದರೆ, ತೆರಿಗೆ ಏರಿಸಿದರೆ ಯಾರು ಬಿಡುತ್ತಾರೆ? ಸರ್ಕಾರದ ಕಾರ್ಯಕ್ರಮಗಳೆಲ್ಲ ಕಣ್ಣೊರೆಸುವ ತಂತ್ರ.” ಅಂಕಿಗಳು ಹೀಗೆ ಹೇಳುವುದಿಲ್ಲ. ದೇಶದಲ್ಲಿ ತಂಬಾಕು ಬಳಸುವ ವಯಸ್ಕರ ಪ್ರಮಾಣ 2009-10ರಲ್ಲಿ ಶೇ 34.6 ಇದ್ದದ್ದು 2016-17ಕ್ಕೆ ಶೇ 28.6ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಶೇ 28.2ರಿಂದ 22.8ಕ್ಕೆ. ನನಗೆ ಹೆಚ್ಚು ಸಂತೋಷ ಕೊಡುವ ಅಂಕಿ ಬೇರೆ: ದೇಶದಲ್ಲಿ 15ರಿಂದ 17ರ ವಯಸ್ಸಿನ ಮಕ್ಕಳಲ್ಲಿ ಬಳಕೆ ಸುಮಾರು ಶೇ 10ರಿಂದ ಶೇ 4ಕ್ಕೆ ಕುಸಿದಿದೆ. ಇದೆಲ್ಲ ಒಂದೇ ಕ್ರಮದ ಫಲವಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ಬಂದ ಬಿಗಿ ನಿಯಮ, ಜಾಹೀರಾತು ನಿಷೇಧ, ಶಾಲೆಯ ಸುತ್ತ 100 ಗಜದೊಳಗೆ ಮಾರಾಟಕ್ಕೆ ತಡೆ, 2007-08ರಲ್ಲಿ ಆರಂಭವಾದ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ, ಇವೆಲ್ಲ ಸೇರಿ ಆದದ್ದು.

ಚಿತ್ರಗಳ ಕಥೆಯಂತೂ ನಮ್ಮ ರಾಜ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ಪೊಟ್ಟಣದ ಎರಡೂ ಬದಿಯ ಶೇ 85ರಷ್ಟು ಜಾಗವನ್ನು ಎಚ್ಚರಿಕೆಗೆ ಬಿಡಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ತಂಬಾಕು ಉದ್ಯಮ ನ್ಯಾಯಾಲಯಕ್ಕೆ ಹೋಯಿತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿ ದೊಡ್ಡ ಚಿತ್ರಗಳನ್ನು ಉಳಿಸಿತು. ಚಿತ್ರದಿಂದ ಏನೂ ಆಗದು ಎಂದಿದ್ದರೆ ಅದನ್ನು ಚಿಕ್ಕದು ಮಾಡಿಸಲು ಉದ್ಯಮ ಇಷ್ಟು ಹೆಣಗುತ್ತಿತ್ತೇ? ಎಚ್ಚರಿಕೆ ನೋಡಿ ಬಿಡಬೇಕೆಂಬ ಯೋಚನೆ ಬಂತೆಂದು 2016-17ರ ಅದೇ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರಲ್ಲಿ ಶೇ 62ರಷ್ಟು, ಬೀಡಿ ಸೇದುವವರಲ್ಲಿ ಶೇ 54ರಷ್ಟು ಮಂದಿ ಹೇಳಿದ್ದಾರೆ.

ತಂಬಾಕಿನ ತೆರಿಗೆಯಿಂದಲೇ ಬೊಕ್ಕಸ ತುಂಬುತ್ತದೆ ಎನ್ನುವವರಿಗೂ ಲೆಕ್ಕವಿದೆ. ತಂಬಾಕಿನಿಂದ ಬರುವ ಕಾಯಿಲೆ ಮತ್ತು ಸಾವುಗಳಿಂದ ದೇಶಕ್ಕಾದ ಆರ್ಥಿಕ ನಷ್ಟ 2017-18ರಲ್ಲಿ ಸುಮಾರು 1.77 ಲಕ್ಷ ಕೋಟಿ ರೂಪಾಯಿ. ಅಬಕಾರಿ ಸುಂಕದಿಂದ ಬಂದದ್ದು ಅದರ ಎಂಟನೇ ಒಂದು ಭಾಗದಷ್ಟೂ ಇಲ್ಲ. ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರ, ಹುಣಸೂರು, ಪಿರಿಯಾಪಟ್ಟಣದ ತಂಬಾಕು ರೈತರ ಬದುಕಿನ ಪ್ರಶ್ನೆ ನಿಜವಾದದ್ದು. ಅವರಿಗೆ ಬೇರೆ ದಾರಿ ಕಟ್ಟಿಕೊಡುವುದು ಸರ್ಕಾರದ ಹೊಣೆ. ಅದನ್ನು ನೆಪ ಮಾಡಿಕೊಂಡು ಉಳಿದವರ ಬಾಯಿಗೆ ತಂಬಾಕು ಇಡುವುದಲ್ಲ.

“ಮನಸ್ಸು ಗಟ್ಟಿ ಇದ್ದರೆ ಬಿಡಬಹುದು, ಬಿಡದವನು ದುರ್ಬಲ” ಎಂಬ ಮಾತು ನನಗೆ ಎಲ್ಲಕ್ಕಿಂತ ಬೇಸರ ತರಿಸುತ್ತದೆ. ಮನೆಯವರೇ ಹೀಗೆ ಹಂಗಿಸುತ್ತಾರೆ. ನಿಕೋಟಿನ್ ಮಿದುಳನ್ನು ತನಗೆ ಒಗ್ಗಿಸಿಕೊಳ್ಳುವ ವಸ್ತು. ಬಿಟ್ಟ ಮೊದಲ ದಿನಗಳ ಸಿಡುಕು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಗುಣದೋಷವಲ್ಲ, ದೇಹದ ಪ್ರತಿಕ್ರಿಯೆ. ಕೆಲವು ವಾರಗಳಲ್ಲಿ ತಗ್ಗುತ್ತದೆ. ಆಪ್ತಸಲಹೆ, ನಿಕೋಟಿನ್ ಗಮ್, ವೈದ್ಯರು ಬರೆದುಕೊಡುವ ಔಷಧಿ ಇದ್ದರೆ ಬಿಡುವ ಸಾಧ್ಯತೆ ಹೆಚ್ಚುತ್ತದೆ. ಆದರೂ ಬಿಡಲು ಯತ್ನಿಸಿದ ಧೂಮಪಾನಿಗಳಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಯಾರ ನೆರವೂ ಇಲ್ಲದೆ ಒಬ್ಬಂಟಿಯಾಗಿ ಹೋರಾಡಿದ್ದಾರೆ. ನಮ್ಮ ಕಾರ್ಯಕ್ರಮಗಳ ದೊಡ್ಡ ಕೊರತೆ ಇರುವುದು ಇಲ್ಲಿ: ದಂಡ ಹಾಕುವ ಕೈ ತಲುಪಿದಷ್ಟು ದೂರ ನೆರವಿನ ಕೈ ತಲುಪಿಲ್ಲ.

“ಇಷ್ಟು ವರ್ಷ ಆಯ್ತು, ಈಗ ಬಿಟ್ಟರೇನು ಬಂತು?” ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಹಿಂಬಾಲಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಸಿಗರೇಟನ್ನು 40ರಲ್ಲಿ ಬಿಟ್ಟವರಿಗೆ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರಿಗೆ 6 ವರ್ಷ, 60ರಲ್ಲಿ ಬಿಟ್ಟವರಿಗೂ 3 ವರ್ಷ ಆಯುಷ್ಯ ಉಳಿಯುತ್ತದೆ.

ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದ್ದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ಬಿಡಲು ಒದ್ದಾಡುತ್ತಿದ್ದರೆ ದಯವಿಟ್ಟು ಹಂಗಿಸಬೇಡಿ. ಈ ಸಂಖ್ಯೆಯನ್ನು ಅವರಿಗೆ ಕೊಡಿ, ಮೊದಲ ಕರೆ ಮಾಡುವಾಗ ಪಕ್ಕದಲ್ಲಿ ಕುಳಿತಿರಿ.