ಒಂದು ಕೋಣೆಯ ಕೂನೂರು, ಐದು ವರ್ಷದ ಅನುದಾನ

ನೀಲಗಿರಿಯ ಕೂನೂರಿನಲ್ಲಿರುವ ಪಾಶ್ಚರ್ ಸಂಸ್ಥೆ ಎಂದೊಡನೆ ನೆನಪಾಗುವುದು ಹುಚ್ಚುನಾಯಿ ಕಡಿತಕ್ಕೆ ಕೊಡುವ ಲಸಿಕೆ. ಹೃದಯದ ಕಾಯಿಲೆಯೊಂದರ ಜಾಡು ಹಿಡಿದ ಕೆಲಸವೂ ಅಲ್ಲೇ ನಡೆಯಿತು. 1918ರಲ್ಲಿ ವೈದ್ಯ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಅಲ್ಲಿನ ಒಂದೇ ಕೋಣೆಯಲ್ಲಿ ಬೆರಿಬೆರಿ ಕುರಿತ ಸಂಶೋಧನಾ ಘಟಕ ತೆರೆದರು. ಈ ರೋಗದ ಒಂದು ಬಗೆಯಲ್ಲಿ ಕಾಲು ಬಾತು, ಹೃದಯ ಹಿಗ್ಗಿ, ಕೊನೆಗೆ ಸೋತೇ ಹೋಗುತ್ತದೆ. ಅಕ್ಕಿಗೆ ಪಾಲಿಶ್ ಹೊಡೆದಾಗ ತೌಡಿನ ಜೊತೆ ಬಿ1 ಜೀವಸತ್ವವೂ ಹೋಗುವುದು ಇದಕ್ಕೆ ಮೂಲ. ಕುಚ್ಚಲಕ್ಕಿ ಉಣ್ಣುವವರಿಗೆ ಈ ರೋಗ ಅಪರೂಪ. ಇಂಥ ಕೆಲಸಗಳಿಗೆ ಹಣ ಒದಗಿಸಲೆಂದೇ 1911ರಲ್ಲಿ ಭಾರತೀಯ ಸಂಶೋಧನಾ ನಿಧಿ ಸಂಘ ಹುಟ್ಟಿತ್ತು. ಇಂದಿನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದೇ. ಹೆಸರು ಬದಲಾದದ್ದು 1949ರಲ್ಲಿ.

ಆದರೆ 1923ರಲ್ಲಿ ಸರ್ಕಾರದ ಖರ್ಚು ಕಡಿತಕ್ಕೆಂದು ಇಂಚ್‌ಕೇಪ್ ಸಮಿತಿ ಕೂತಾಗ ಕೂನೂರಿನ ಕೆಲಸಕ್ಕೂ ಕತ್ತರಿ ಬಿತ್ತು. ಅದು ಮತ್ತೆ ಚಿಗುರಿದ್ದು 1925ರಲ್ಲಿ. ಅಲ್ಲಿಂದಾಚೆ ಹಣ ತಪ್ಪದೆ ಬಂತು, 1928ರ ಹೊತ್ತಿಗೆ ಘಟಕ ಪೋಷಣಾ ಸಂಶೋಧನಾ ಪ್ರಯೋಗಾಲಯವಾಗಿ ಬೆಳೆಯಿತು. ನಾನು ಇದರಿಂದ ತಿಳಿಯುವುದಿಷ್ಟು: ಸಂಶೋಧನಾ ಅನುದಾನದಲ್ಲಿ ಮೊತ್ತಕ್ಕಿಂತ ಮುಖ್ಯವಾದುದು ಅದು ಎಷ್ಟು ಕಾಲ ನಿಲ್ಲದೆ ಬರುತ್ತದೆ ಎಂಬುದು. ಪ್ರಯೋಗದ ಪ್ರಾಣಿಗಳನ್ನು, ತರಬೇತಾದ ಸಹಾಯಕರನ್ನು, ಅರ್ಧಕ್ಕೆ ನಿಂತ ದಾಖಲೆಗಳನ್ನು ಎರಡು ವರ್ಷ ಬದಿಗಿಟ್ಟು ಮತ್ತೆ ಎತ್ತಿಕೊಳ್ಳಲು ಬರುವುದಿಲ್ಲ. ಹೆಸರಾದ ಹಿರಿಯರು ಅಂಥ ಬಿರುಕನ್ನು ದಾಟಿಯಾರು, ಆಗಷ್ಟೇ ಎಂ.ಡಿ. ಮುಗಿಸಿದ ವೈದ್ಯರು ಸಂಶೋಧನೆಯನ್ನೇ ಬಿಟ್ಟು ಪ್ರಾಕ್ಟೀಸಿಗೆ ಹೋಗುತ್ತಾರೆ. ಕೂನೂರಿನಲ್ಲಿ ಪ್ರಯೋಗಾಲಯ ಉಳಿದದ್ದರಿಂದಲೇ ಸಿ. ಗೋಪಾಲನ್ ಅವರಂಥ ಯುವ ವೈದ್ಯರಿಗೆ ಸೇರಲು ಒಂದು ಜಾಗವಿತ್ತು. 1958ರಲ್ಲಿ ಆ ಪ್ರಯೋಗಾಲಯ ಹೈದರಾಬಾದಿಗೆ ಹೋಯಿತು. ಗೋಪಾಲನ್ ಅದರ ನಿರ್ದೇಶಕರಾದರು, ಮುಂದೆ ಐಸಿಎಂಆರ್‌ನ ಮುಖ್ಯಸ್ಥರೂ ಆದರು.

ಇಂದಿನ ಹೃದ್ರೋಗದ ವಿಚಾರಕ್ಕೆ ಬಂದರೆ ಬೆಂಗಳೂರಿನ ಉದಾಹರಣೆ ಇನ್ನೂ ಹತ್ತಿರದ್ದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ 1976ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ, ದೊಡ್ಡ ಪ್ರಮಾಣದ ಹೃದ್ರೋಗ ಪ್ರಯೋಗಗಳನ್ನು ನಡೆಸುವ ಬಗೆ ಕಲಿತರು. ಆ ವಿದ್ಯೆ ಇಲ್ಲಿಗೆ ಮರಳಿತು. ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಮತ್ತು ಯೂಸುಫ್ ಜೊತೆಗಾರರೊಡನೆ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಹೃದಯಾಘಾತವಾದ ಬೆಂಗಳೂರಿನ 200 ಮಂದಿಯನ್ನು ಆಗದ 200 ಮಂದಿಯೊಂದಿಗೆ ಹೋಲಿಸಿತು. ಎಲ್ಲಕ್ಕಿಂತ ದೊಡ್ಡ ಅಪಾಯವಾಗಿ ಕಂಡದ್ದು ಬೀಡಿ ಮತ್ತು ಸಿಗರೇಟು. ಸೊಂಟ ಮತ್ತು ಪೃಷ್ಠದ ಸುತ್ತಳತೆಯ ಅನುಪಾತ, ರಕ್ತದ ಸಕ್ಕರೆ ಕೂಡ ಲೆಕ್ಕಕ್ಕೆ ಬಂದವು. 2009ರಲ್ಲಿ ಅದೇ ಸಂಸ್ಥೆ 50 ಕೇಂದ್ರಗಳ 2,053 ಜನರ ಮೇಲೆ ಹಲವು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಕೊಡುವ ಪ್ರಯೋಗವನ್ನು ಮುನ್ನಡೆಸಿತು. ಒಬ್ಬ ಯುವಕನಿಗೆ ಕೊಟ್ಟ ವಿದ್ಯಾರ್ಥಿವೇತನ ಎರಡು ದಶಕಗಳ ನಂತರ ಊರಿನ ರೋಗಿಗೆ ಫಲ ಕೊಡುವುದು ಹೀಗೆ.

ಆಸ್ಪತ್ರೆಯಲ್ಲಿ ಇಸಿಜಿ ಯಂತ್ರಕ್ಕೇ ತತ್ವಾರವಿರುವಾಗ ಸಂಶೋಧನೆಗೆ ಹಣವೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇರುವ ಅಲ್ಪ ಹಣವನ್ನು ಯಾವ ಅಪಾಯದ ಮೇಲೆ ಮೊದಲು ಹೂಡಬೇಕು ಎಂದು ತಿಳಿಸುವುದೇ ಇಂಥ ಅಧ್ಯಯನ. ಅನುಭವವಿಲ್ಲದವರ ಕೈಗೆ ಹಣ ಕೊಟ್ಟರೆ ಪೋಲಾದೀತು ಎಂಬ ಇನ್ನೊಂದು ಆಕ್ಷೇಪಕ್ಕೆ ಮಾರ್ಗದರ್ಶಕರನ್ನು ಕಡ್ಡಾಯ ಮಾಡುವುದು, ನಡುವೆ ಪರಿಶೀಲಿಸುವುದು ತಕ್ಕ ಮದ್ದು. 2008ರಲ್ಲಿ ಆರಂಭವಾದ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ (ಡಿಬಿಟಿ) ಸೇರಿರುವ ಡಿಬಿಟಿ–ವೆಲ್‌ಕಮ್ ಟ್ರಸ್ಟ್ ಇಂಡಿಯಾ ಅಲಯನ್ಸ್ ವೈದ್ಯರಿಗೂ ವಿಜ್ಞಾನಿಗಳಿಗೂ ಐದು ವರ್ಷದ ಫೆಲೋಶಿಪ್ ಕೊಟ್ಟು ದಾರಿ ತೋರಿಸಿದೆ. ಇಂಥ ಅನುದಾನ ಸಮಯವನ್ನೂ ಕೊಡಬೇಕು: ಹೊರರೋಗಿ ವಿಭಾಗದ ಸಾಲಿನೆದುರು ಕೂತ ವೈದ್ಯರಿಗೆ ಸಂಶೋಧನೆಗೆಂದು ಉಪಕರಣಕ್ಕಿಂತ ಮೊದಲು ಬೇಕಾದುದು ಬಿಡುವು.

ಅದೇ ನೀಲಗಿರಿಯ ಊಟಿಯಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಗೂಡಲೂರಿನ ಚಹಾ ತೋಟದ ಕೂಲಿಗಳ, ಮಸಿನಗುಡಿಯ ಆದಿವಾಸಿಗಳ ಹೃದಯದ ಸ್ಥಿತಿಗತಿ ಅರಿಯಲು ಇದಕ್ಕಿಂತ ಹತ್ತಿರದ ನೆಲೆ ಬೇರಿಲ್ಲ. ಅಲ್ಲಿನ ಕಿರಿಯ ಅಧ್ಯಾಪಕರಲ್ಲಿ ಕೆಲವರಿಗಾದರೂ ವಾರದ ಅರ್ಧ ದಿನಗಳನ್ನು ಸಂಶೋಧನೆಗೆ ಬಿಟ್ಟುಕೊಡುವ ಐದು ವರ್ಷದ ಅನುದಾನವನ್ನು ತಮಿಳುನಾಡು ಸರ್ಕಾರವೂ ಐಸಿಎಂಆರೂ ಸೇರಿ ಮಂಜೂರು ಮಾಡಬೇಕು.