ಶಾಪದ ಊರಿನ ಅಗಸಿಗೆ ಬೀಗ ಹಾಕಿದವರು ಯಾರು?

ಊರಿನ ಹೆಸರು ಹನುಡಾ. ಸುತ್ತ ಗುಡ್ಡ, ಹೊರಗೆ ಹೋಗಲು ಒಂದೇ ದಾರಿ. 2003ರ ಆಗಸ್ಟ್ ತಿಂಗಳ ಒಂದು ಮಧ್ಯರಾತ್ರಿ ಭೂಮಿ ನಡುಗುತ್ತದೆ, ಎಲ್ಲಿಂದಲೋ ಸೈರನ್ ಕೂಗುತ್ತದೆ. ಬೆಳಗಾಗುವಷ್ಟರಲ್ಲಿ ದಾರಿ ಮಾಯ. ಊರ ಸುತ್ತ ಕೆಂಪು ನೀರಿನ ಸಮುದ್ರ. ಒಳಗೆ ಸಿಕ್ಕಿಬಿದ್ದವರಲ್ಲಿ ಒಬ್ಬ ಹೈಸ್ಕೂಲು ಹುಡುಗ, ಒಬ್ಬ ಡಾಕ್ಟರು, ಒಬ್ಬ ಪೂಜಾರಿ, ಜಾನಪದ ಅಧ್ಯಯನ ಮಾಡುವ ಒಬ್ಬ ಮೇಷ್ಟ್ರು, ಶಾಲೆಯ ಅಕ್ಕೋರು ಮತ್ತು ಅವರ ಕೈ ಹಿಡಿದ ಒಬ್ಬ ಪುಟ್ಟ ಹುಡುಗಿ ಇದ್ದಾರೆ.

ಗಾಬರಿಯಾಗಬೇಡಿ, ಇದು ಸುದ್ದಿಯಲ್ಲ. ಜಪಾನಿನಲ್ಲಿ 2003ರಲ್ಲಿ ಬಂದ 'ಸೈರನ್' ಎಂಬ ವಿಡಿಯೋ ಗೇಮಿನ ಕಥೆ. ಮಾಡಿದವನು ಕೇಯಿಚಿರೋ ತೊಯಾಮಾ. ಇದಕ್ಕೂ ಮೊದಲು, 1999ರಲ್ಲಿ, 'ಸೈಲೆಂಟ್ ಹಿಲ್' ಎಂಬ ಹೆಸರುವಾಸಿ ಹೆದರಿಕೆಯ ಗೇಮನ್ನು ನಿರ್ದೇಶಿಸಿದ್ದವನೂ ಇವನೇ. ಅದೇ 2003ರಲ್ಲಿ 'ಫೇಟಲ್ ಫ್ರೇಮ್ 2' ಎಂಬ ಇನ್ನೊಂದು ಗೇಮ್ ಬಂತು. ಅದರಲ್ಲೂ ಶಾಪ ತಗುಲಿದ ಹಳ್ಳಿ, ಅದರಲ್ಲೂ ಹೊರಬರಲಾಗದ ಅಕ್ಕತಂಗಿಯರು. ಇದನ್ನು ಹೊಸ ರೂಪದಲ್ಲಿ ತರುವುದಾಗಿ 2025ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬಂದ 'ಸೈಲೆಂಟ್ ಹಿಲ್ ಎಫ್' ಕೂಡ 1960ರ ದಶಕದ ಜಪಾನಿನ ಒಂದು ಸಣ್ಣ ಊರಿನದು. ಹೀಗಾಗಿ ಯೂಟ್ಯೂಬಿನಲ್ಲಿ ಇವುಗಳದ್ದೇ ಜಾತ್ರೆ. ನಿಮ್ಮ ಮನೆಯ ಹುಡುಗ ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನು ಹಾಕಿಕೊಂಡು ಒಮ್ಮೆಲೇ ಬೆಚ್ಚಿಬಿದ್ದರೆ, ಇಂಥದ್ದೇ ಏನೋ ನೋಡುತ್ತಿರಬಹುದು.

ಆಟದ ವಿಚಾರ ಸಾಂಗಲಿ-ಮಿರಜದ ಪುಟಕ್ಕೆ ಯಾಕೆ ಬಂತು ಅಂತೀರಾ? ಈ ಕಥೆಗಳಲ್ಲಿ ಜನ ಊರಿನಿಂದ ಹೊರಗೆ ಯಾಕೆ ಬರಲಾರರು ಎಂಬ ಪ್ರಶ್ನೆಗೆ ಅವುಗಳೊಳಗೇ ಒಂದು ಉತ್ತರ ಇದೆ. ಆ ಉತ್ತರ ಮಿರಜ ತಾಲೂಕಿನ ಮ್ಹೈಸಾಳದವರೆಗೂ ಬರುತ್ತದೆ.

ದೆವ್ವ ಬರುವುದು ಆಮೇಲೆ

'ಸೈರನ್'ನಲ್ಲಿ ಶಾಪ ಶುರುವಾಗುವುದು ಹಸಿವಿನಿಂದ. ಬಹಳ ಹಿಂದಿನ ಬರಗಾಲದಲ್ಲಿ ಆಕಾಶದಿಂದ ಬಿದ್ದ ಒಂದು ವಿಚಿತ್ರ ಜೀವವನ್ನು ಹಳ್ಳಿಗರು ತಿಂದುಬಿಡುತ್ತಾರೆ. ಆಮೇಲೆ ತಿಳಿಯುತ್ತದೆ ಅದು ದೇವರೆಂದು. ತಪ್ಪಿಗೆ ಪರಿಹಾರವಾಗಿ ಒಂದು ಮನೆತನದ ಹೆಣ್ಣುಮಗಳನ್ನು ಬಲಿ ಕೊಡುವ ಪದ್ಧತಿ ಬೆಳೆಯುತ್ತದೆ. 1972ರ ಬರವನ್ನು ಕಂಡ ಜತ್ತ, ಕವಠೆ ಮಹಾಂಕಾಳ ಕಡೆಯ ಹಿರಿಯರಿಗೆ ಹಸಿವೆಯ ಭಾಗವನ್ನು ವಿವರಿಸಬೇಕಾಗಿಲ್ಲ.

'ಫೇಟಲ್ ಫ್ರೇಮ್ 2'ರಲ್ಲಿ ಅವಳಿ ಮಕ್ಕಳಲ್ಲಿ ಒಬ್ಬರು ಇನ್ನೊಬ್ಬರ ಕತ್ತು ಹಿಸುಕಬೇಕು ಎಂಬ ವಿಧಿ. ಹಾಗೆ ಮಾಡದಿದ್ದರೆ ಪಾತಾಳದ ಬಾಗಿಲು ತೆರೆಯುತ್ತದಂತೆ. ಒಂದು ಸಲ ಆ ವಿಧಿ ಕೆಟ್ಟುಹೋಗಿ ಊರು ಮುಗಿಯದ ರಾತ್ರಿಯಲ್ಲಿ ಮುಳುಗುತ್ತದೆ. ಈಗ ದಾರಿ ತಪ್ಪಿ ಬಂದ ಮಿಯೋ, ಮಾಯು ಎಂಬ ಅವಳಿಗಳ ಕೈಯಲ್ಲಿರುವ ಆಯುಧ ಒಂದು ಹಳೇ ಕ್ಯಾಮೆರಾ ಮಾತ್ರ. ಫೋಟೋ ಹೊಡೆದರೆ ದೆವ್ವ ಸೋಲುತ್ತದೆ! (ಕೊನೆ ಏನಾಗುತ್ತದೆಂದು ಹೇಳಿದರೆ ಆಡುವ ಹುಡುಗರು ಬೈಯುತ್ತಾರೆ, ಹಾಗಾಗಿ ಬಿಟ್ಟಿದ್ದೇನೆ.)

ಎರಡರಲ್ಲೂ ಗಮನಿಸಿ: ಮೊದಲು ಬರುವುದು ದೆವ್ವ ಅಲ್ಲ, ಕಟ್ಟಳೆ. ಒಬ್ಬರನ್ನು ಕೊಂದರೆ ಉಳಿದವರಿಗೆ ಒಳ್ಳೆಯದಾಗುತ್ತದೆ ಎಂದು ಊರು ಒಪ್ಪಿಕೊಂಡಿರುತ್ತದೆ, ಅದನ್ನು ಹೊರಗಿನವರಿಗೆ ಹೇಳಬಾರದೆಂದೂ ಒಪ್ಪಿಕೊಂಡಿರುತ್ತದೆ. ಅಗಸಿಗೆ ಬೀಗ ಬೀಳುವುದು ಆ ಎರಡನೇ ಒಪ್ಪಂದದಿಂದ.

'ಸೈರನ್'ನ ಸತ್ತವರನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸತ್ತು ಎದ್ದ ಹಳ್ಳಿಗರಿಗೆ ಅಲ್ಲಿ 'ಶಿಬಿತೊ' ಎಂದು ಹೆಸರು. ಅವರು ಹಲ್ಲು ಕಡಿಯುತ್ತ ಓಡಾಡುವವರಲ್ಲ. ಒಬ್ಬ ಗುದ್ದಲಿ ಹಿಡಿದು ನೆಲ ಅಗೆಯುತ್ತಾನೆ, ಇನ್ನೊಬ್ಬ ಕಿಟಕಿಗೆ ಹಲಗೆ ಬಡಿಯುತ್ತಾನೆ, ಮನೆಯೊಳಗೆ ಸಂಸಾರ ಮಾಡಿಕೊಂಡಿರುತ್ತಾರೆ. ಅವರ ಕಣ್ಣಿಗೆ ಆ ಊರೇ ಸ್ವರ್ಗ. ಉಳಿದವರನ್ನೂ ಒಳಗೆ ಸೇರಿಸಿಕೊಳ್ಳಲು ಬರುತ್ತಾರೆ, ಅಷ್ಟೇ. ಆಡುವವನು ಬದುಕಬೇಕಾದರೆ ಕಣ್ಣು ಮುಚ್ಚಿ ಅವರ ಕಣ್ಣಿನಿಂದ ನೋಡುವುದನ್ನು ಕಲಿಯಬೇಕು. ಅವರಿಗೆ ಏನು ಕಾಣುತ್ತದೆ, ಯಾವ ಕಡೆ ತಿರುಗುತ್ತಾರೆ ಎಂದು ತಿಳಿದರೆ ಮಾತ್ರ ದಾರಿ. ಆಟದ ಅತಿ ಜಾಣ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಆ ಕಥೆಯಲ್ಲಿ ಜೀವಂತ ಹೊರಬಂದವಳು ಪುಟ್ಟ ಹುಡುಗಿ ಒಬ್ಬಳೇ.

ಜಪಾನಿನ ನಿಜವಾದ ಊರುಗಳು

ಇವೆಲ್ಲ ಗಾಳಿಯಲ್ಲಿ ಹುಟ್ಟಿದ ಕಥೆಗಳಲ್ಲ. ಜಪಾನಿನ ತ್ಸುಯಾಮಾ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ 1938ರ ಮೇ 21ರ ರಾತ್ರಿ 21 ವರ್ಷದ ಯುವಕನೊಬ್ಬ ಮೊದಲು ಊರಿನ ಕರೆಂಟು ಕತ್ತರಿಸಿ, ಆಮೇಲೆ ಮನೆಮನೆಗೆ ನುಗ್ಗಿ 30 ಜನರನ್ನು ಕೊಂದು ತಾನೂ ಸತ್ತ. ಅವನಿಗೆ ಕ್ಷಯರೋಗ ಇತ್ತು, ಸೈನ್ಯಕ್ಕೆ ತೆಗೆದುಕೊಳ್ಳಲಿಲ್ಲ, ಊರವರು ದೂರ ಇಟ್ಟಿದ್ದರು. 'ಸೈರನ್'ನ ಹೈಸ್ಕೂಲು ಹುಡುಗ ಹನುಡಾಕ್ಕೆ ಬರುವುದು ಕೂಡ ಇಂಥದ್ದೇ ಒಂದು ಕೊಲೆಯ ಸುದ್ದಿಯನ್ನು ಇಂಟರ್‌ನೆಟ್‌ನಲ್ಲಿ ಓದಿ.

ದೂರ ಇಡುವುದಕ್ಕೆ ಜಪಾನಿಯಲ್ಲಿ 'ಮುರಾಹಾಚಿಬು' ಎಂಬ ಮಾತಿದೆ. 'ಊರಿನ ಎಂಟು ಪಾಲು' ಎಂದು ಅರ್ಥ. ಊರಿನ ಹತ್ತು ವ್ಯವಹಾರಗಳಲ್ಲಿ ಎಂಟನ್ನು ಆ ಮನೆಯೊಂದಿಗೆ ನಿಲ್ಲಿಸುವುದು. ಬೆಂಕಿ ಬಿದ್ದರೆ ಆರಿಸುವುದು, ಸತ್ತರೆ ಮಣ್ಣಿಗೆ ಹೋಗುವುದು ಎರಡೇ ಉಳಿಯುತ್ತವೆ ಎಂದು ರೂಢಿಯ ವಿವರಣೆ. ನಮ್ಮಲ್ಲಿ ಇದನ್ನೇ ಬಹಿಷ್ಕಾರ ಅಂತೀವಿ, ಮರಾಠಿಯಲ್ಲಿ 'ವಾಳೀತ ಟಾಕಣೆ'. ನಮ್ಮ ಕಡೆ ಸತ್ತರೂ ಬರದ ಊರುಗಳಿದ್ದವು ಎನ್ನುವುದನ್ನು ನೆನೆದರೆ ಜಪಾನಿನವರೇ ವಾಸಿ! ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು.

ಇನ್ನೊಂದು ಬೇರು ಅಣೆಕಟ್ಟು. 'ಫೇಟಲ್ ಫ್ರೇಮ್ 2'ರ ಅವಳಿಗಳು ಅಲೆದಾಡುವ ಕಾಡು ಅಣೆಕಟ್ಟಿನ ನೀರಿನಲ್ಲಿ ಮುಳುಗಲಿರುವ ಜಾಗ. 2002ರಿಂದ ಬಿಡಿಬಿಡಿಯಾಗಿ ಬಂದ 'ಹಿಗುರಾಶಿ' ಎಂಬ ಕಥೆ-ಗೇಮಿನ ಹಳ್ಳಿಯಲ್ಲೂ ಜನ ಅಣೆಕಟ್ಟಿನ ವಿರುದ್ಧ ಹೋರಾಡಿದವರು. ಅಲ್ಲಿ ಪ್ರತಿವರ್ಷ ಜಾತ್ರೆಯ ರಾತ್ರಿ ಒಬ್ಬ ಸಾಯುತ್ತಾನೆ, ಒಬ್ಬ ಕಾಣೆಯಾಗುತ್ತಾನೆ, ಊರೆಲ್ಲ 'ದೇವರ ಶಾಪ' ಎನ್ನುತ್ತದೆ. ಕಥೆ ಬಿಚ್ಚಿಕೊಂಡಾಗ ಶಾಪದ ಕೆಳಗೆ ಸಿಗುವುದು ಒಂದು ರೋಗ ಮತ್ತು ಅದನ್ನು ಬಳಸಿಕೊಂಡ ಮನುಷ್ಯರು. ಯುದ್ಧದ ನಂತರ ಜಪಾನ್ ಅನೇಕ ಕಣಿವೆಗಳಲ್ಲಿ ಅಣೆಕಟ್ಟು ಕಟ್ಟಿತು. ಟೋಕಿಯೋಗೆ ನೀರು ಕೊಡಲು 1957ರಲ್ಲಿ ಮುಗಿದ ಒಗೋಚಿ ಅಣೆಕಟ್ಟಿನಡಿ ಒಗೋಚಿ ಎಂಬ ಹಳ್ಳಿಯೇ ಹೋಯಿತು. ಕೊಯ್ನಾ, ಶಿರಾಳಾ ತಾಲೂಕಿನ ಚಾಂದೋಲಿ ಅಣೆಕಟ್ಟುಗಳಿಗಾಗಿ ಊರು ಬಿಟ್ಟು ಬಂದ ಕುಟುಂಬಗಳು ನಮ್ಮ ನಡುವೆಯೇ ಇವೆ. ನೀರಿನಡಿಯ ಗುಡಿ, ಬಾವಿ, ಸ್ಮಶಾನದ ಮೇಲೆ ಕಥೆ ಹುಟ್ಟದೆ ಇದ್ದರೇ ಆಶ್ಚರ್ಯ.

ನಮ್ಮ ಹಿರಿಯರು ಮಾಡಿದ್ದು ಉಲ್ಟಾ

ಜಪಾನಿನ ಕಥೆಯಲ್ಲಿ ಊರಿಗೆ ಕೇಡು ಬಂದರೆ ಬಾಗಿಲು ಒಳಗಿನಿಂದ ಮುಚ್ಚುತ್ತದೆ. ನಮ್ಮಲ್ಲಿ ಕೇಡು ಬಂದರೆ ಊರೇ ಎದ್ದು ಹೊರಗೆ ಹೋಗುತ್ತಿತ್ತು. ಕನ್ನಡದಲ್ಲಿ ಇದಕ್ಕೆ 'ಹೊರಬೀಡು' ಎಂದು ಹೆಸರು. ಬಳ್ಳಾರಿ, ದಾವಣಗೆರೆ, ಚಿತ್ರದುರ್ಗದ ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ, ಊರ ಬಾಗಿಲಿಗೆ ಮುಳ್ಳುಬೇಲಿ ಎಳೆದು, ದನಕರುಗಳ ಸಮೇತ ಹೊಲಕ್ಕೆ ಹೋಗಿ ಅಲ್ಲೇ ಅಡಿಗೆ ಮಾಡಿ ಉಂಡು ಸಂಜೆ ತಿರುಗಿ ಬರುತ್ತಾರೆ. ಕೊಂಕಣದಲ್ಲಿ ಇದರ ಅಣ್ಣನಂಥ ಪದ್ಧತಿ ಇದೆ, 'ಗಾವಪಳಣ'. ಸಿಂಧುದುರ್ಗ ಜಿಲ್ಲೆಯ ಆಚರಾ ಊರಿನಲ್ಲಿ ಕೆಲವು ವರ್ಷಗಳಿಗೊಮ್ಮೆ ರಾಮೇಶ್ವರ ದೇವರ ಕೌಲು ಕೇಳಿ, ಕೋಳಿಯನ್ನೂ ಬಿಡದೆ ಇಡೀ ಊರು ಮೂರು ದಿನ ಮೂರು ರಾತ್ರಿ ಗಡಿಯಾಚೆ ಇರುತ್ತದೆ.

ಇದರಲ್ಲಿ ಬರೀ ಮೂಢನಂಬಿಕೆ ನೋಡುವವರು ಸ್ವಲ್ಪ ತಾಳಬೇಕು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ, ಧಾರವಾಡ, ಈ ಕಡೆಯ ಸಂಸ್ಥಾನಗಳವರೆಗೆ ಹಬ್ಬಿತು. ಪ್ಲೇಗು ತರುವುದು ಇಲಿಯ ಮೈಮೇಲಿನ ಚಿಗಟ. ಇಲಿ ಸತ್ತ ಮನೆ ಬಿಟ್ಟು ಹೊಲದ ಗುಡಿಸಲಿನಲ್ಲಿದ್ದವರು ಎಷ್ಟೋ ಮಂದಿ ಉಳಿದರು. ದೇವರ ಹೆಸರಿನಲ್ಲಿ ಹೋಗಿರಲಿ, ಸರಕಾರದ ಹೆಸರಿನಲ್ಲಿ ಹೋಗಿರಲಿ, ಕೆಲಸ ಮಾಡಿದ್ದು ಕಾಲು. ಆದರೆ ಮರೀಆಯಿಯ ಗಾಡಿಯನ್ನು, ನಮ್ಮವರ ಮರಗಮ್ಮನನ್ನು, ತಳ್ಳಿಕೊಂಡು ಹೋಗಿ ಪಕ್ಕದ ಊರಿನ ಸೀಮೆಯಲ್ಲಿ ಬಿಟ್ಟುಬರುತ್ತಿದ್ದರಲ್ಲ, ಅದು ಬೇರೆ ಮಾತು. ಪಕ್ಕದ ಊರಿನವರು ಏನೆಂದುಕೊಂಡಾರು?

ನೀರು ಸುತ್ತುವರಿದಾಗ ಮಾತ್ರ ಹೊರಗೆ ಹೋಗುವ ಉಪಾಯ ನಡೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆ 57 ಅಡಿ ದಾಟಿದಳು. ಅಪಾಯದ ಮಟ್ಟ 45 ಅಡಿ. ಹೊಳೆದಂಡೆಯ ಹಳ್ಳಿಗಳು ದ್ವೀಪಗಳಾದವು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಹೊತ್ತ ದೋಣಿ ಮುಳುಗಿ ಹಲವರು ತೀರಿಕೊಂಡರು. ಮಾಳಿಗೆ ಮೇಲೆ ಕೂತು ನಾಲ್ಕೂ ದಿಕ್ಕಿನ ಕೆಂಚು ನೀರು ನೋಡಿದವರಿಗೆ ಹನುಡಾದ ಸಮುದ್ರ ಬರೀ ಆಟದ ಚಿತ್ರ ಅನ್ನಿಸಲಿಕ್ಕಿಲ್ಲ. ಆದರೂ ಆಗ ಯಾರೂ ಶಾಪದ ಮಾತಾಡಿ ಸುಮ್ಮನೆ ಕೂಡಲಿಲ್ಲ. ಮಳೆ ಎಷ್ಟು, ಕೊಯ್ನಾದಿಂದ ಬಿಟ್ಟದ್ದೆಷ್ಟು, ಆಲಮಟ್ಟಿಯಲ್ಲಿ ತಡೆದದ್ದೆಷ್ಟು ಎಂದು ಎರಡೂ ರಾಜ್ಯದವರು ಜಗಳವಾಡಿದರು. ಆ ಜಗಳವೇ ಲೇಸು, ಲೆಕ್ಕ ಕೇಳುವ ಜಗಳ ಅದು.

ಮ್ಹೈಸಾಳದಲ್ಲಿ ಆದದ್ದು

ಲೆಕ್ಕ ಕೇಳದೆ ಗುಟ್ಟಾಗಿ ಇಟ್ಟರೆ ಏನಾಗುತ್ತದೆ? 2022ರ ಜೂನ್ 20ರಂದು ಮಿರಜ ತಾಲೂಕಿನ ಮ್ಹೈಸಾಳದಲ್ಲಿ, ನಮ್ಮ ಕಾಗವಾಡದ ಮಗ್ಗುಲಲ್ಲೇ, ಒಂದೇ ಕುಟುಂಬದ ಒಂಬತ್ತು ಜನ ಎರಡು ಮನೆಗಳಲ್ಲಿ ಹೆಣವಾಗಿ ಸಿಕ್ಕರು. ಮೊದಲು ಎಲ್ಲರೂ ಸಾಲದ ಕಾಟದಿಂದ ಆತ್ಮಹತ್ಯೆ ಎಂದರು. ಬಡ್ಡಿಗೆ ಸಾಲ ಕೊಟ್ಟ ಹಲವರ ಮೇಲೆ ಕೇಸೂ ಆಯಿತು. ವಾರದೊಳಗೆ ಪೊಲೀಸರು ಬೇರೆ ಮಾತು ಹೇಳಿದರು. ಸೋಲಾಪುರದ ಒಬ್ಬ ಮಾಂತ್ರಿಕ ಗುಪ್ತಧನ ತೆಗೆದುಕೊಡುತ್ತೇನೆಂದು ಈ ಕುಟುಂಬದಿಂದ ಹಣ ಪಡೆದಿದ್ದ, ಹಣ ವಾಪಸು ಕೇಳತೊಡಗಿದಾಗ ಸಂಗಡಿಗನೊಂದಿಗೆ ಬಂದು ವಿಷ ಕೊಟ್ಟ ಎಂಬುದು ಪೊಲೀಸರ ಆರೋಪ. ಇಬ್ಬರನ್ನೂ ಬಂಧಿಸಿದರು.

ಸತ್ತವರು ಅಕ್ಷರ ಬಾರದವರಲ್ಲ, ಓದಿದ ಕುಟುಂಬ. ಪೊಲೀಸರು ಹೇಳಿದಂತೆಯೇ ಆಗಿದ್ದರೆ, ಇಲ್ಲೂ ಆಟದ ಕಥೆಯ ಎರಡನೇ ಒಪ್ಪಂದ ಕಾಣುತ್ತದೆ. ನಿಧಿಯ ವಿಚಾರ ಯಾರಿಗೂ ಹೇಳುವಂಥದ್ದಲ್ಲ. ಹೇಳಿದರೆ ನಿಧಿ ಸರಿದುಹೋಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರೇ. ಈ ಗುಟ್ಟು ಯಾರಿಗೆ ಅನುಕೂಲ ಎಂದು ಕೇಳಿಕೊಂಡರೆ ಸಾಕು. ಬಾನಾಮತಿಯ ವಿಷಯವೂ ಹೀಗೇ. ಮನೆಯ ಮೇಲೆ ಕಲ್ಲು ಬೀಳುತ್ತದೆ, ಬಟ್ಟೆಗೆ ತಾನಾಗಿ ಬೆಂಕಿ ಹತ್ತುತ್ತದೆ ಎಂಬ ಪ್ರಕರಣಗಳನ್ನು ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಹೋಗಿ ನೋಡಿ ಹೇಳುತ್ತ ಬಂದದ್ದು ಒಂದೇ: ಕಲ್ಲು ಎಸೆಯುವ ಕೈ ಆ ಮನೆಯೊಳಗೋ ಹತ್ತಿರವೋ ಇರುತ್ತದೆ, ಆ ಕೈಯ ಹಿಂದೆ ಹೇಳಲಾಗದ ಒಂದು ಸಂಕಟ ಇರುತ್ತದೆ.

ಆ ಸಮಿತಿಯನ್ನು 1989ರಲ್ಲಿ ಕಟ್ಟಿದ ಡಾ. ನರೇಂದ್ರ ದಾಭೋಲ್ಕರ್ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ, ಮಿರಜದ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಕಾನೂನು ಬೇಕೆಂದು ವರ್ಷಗಟ್ಟಲೆ ಕೇಳಿದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ನಾಲ್ಕೇ ದಿನಗಳಲ್ಲಿ ಸುಗ್ರೀವಾಜ್ಞೆ ಹೊರಟಿತು, ಡಿಸೆಂಬರ್‌ನಲ್ಲಿ ಕಾನೂನಾಯಿತು. ಕರ್ನಾಟಕದ ಕಾನೂನು 2017ರದು, ಜಾರಿಗೆ ಬಂದದ್ದು 2020ರಲ್ಲಿ.

ಮಹಾರಾಷ್ಟ್ರದ ಕಾನೂನಿನಲ್ಲಿ ದೇವರ ಪೂಜೆ, ವಾರಿ, ಹರಕೆಗೆ ಅಡ್ಡಿ ಇಲ್ಲ. ಗುಪ್ತಧನ ಅಥವಾ ನೀರಿನ ಸೆಲೆ ಹುಡುಕುವ ನೆಪದಲ್ಲಿ ಅಮಾನುಷ ಕೃತ್ಯ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಒಬ್ಬರನ್ನು 'ಕರಣಿ ಮಾಡುವವರು' ಎಂದು ಸಾರುವುದು ಇವೆಲ್ಲ ಅಪರಾಧ. ಆರು ತಿಂಗಳಿನಿಂದ ಏಳು ವರ್ಷ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ.

ಗಡಿಯ ಹಳ್ಳಿಗರ ಮಾಮೂಲು ಪ್ರಶ್ನೆ: ಘಟನೆ ಆ ಕಡೆ, ಮನೆ ಈ ಕಡೆ, ಯಾವ ಠಾಣೆಗೆ ಹೋಗೋದು? 2024ರ ಜುಲೈ 1ರಿಂದ ಜಾರಿಯಾದ ಹೊಸ ದಂಡಪ್ರಕ್ರಿಯೆ ಕಾನೂನಿನ ಪ್ರಕಾರ ಇಂಥ ಅಪರಾಧದ ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಕಾಗವಾಡದಲ್ಲಿ ಬರೆಸಿದ್ದನ್ನು ಮಿರಜಕ್ಕೆ ಕಳಿಸುವುದು ಪೊಲೀಸರ ಕೆಲಸ. ತುರ್ತು ಇದ್ದರೆ ಎರಡೂ ಕಡೆ ಒಂದೇ ನಂಬರು, 112.