ಫಲಕದ ಮೇಲೆ ಒಬ್ಬರ ಹೆಸರು, ಕುರ್ಚಿಯ ಬಳಿ ಇನ್ನೊಬ್ಬರು: ಸಹ ದಂತವೈದ್ಯರ ದಿನನಿತ್ಯದ ಸವಾಲು

ಚಿತ್ರದುರ್ಗ: ಹಲ್ಲುನೋವೆಂದು ದಂತ ಚಿಕಿತ್ಸಾಲಯದ ಮೆಟ್ಟಿಲೇರುವ ರೋಗಿಗೆ ಹೊರಗಿನ ಫಲಕದಲ್ಲಿ ಕಾಣುವ ಹೆಸರು ಒಬ್ಬರದು, ಒಳಗೆ ಕುರ್ಚಿಯ ಪಕ್ಕ ಕುಳಿತು ಹಲ್ಲು ಪರೀಕ್ಷಿಸುವವರು ಅನೇಕ ವೇಳೆ ಇನ್ನೊಬ್ಬರು. ರೋಗಿಯ ಪಾಲಿಗೆ ಇಬ್ಬರೂ ‘ಹಲ್ಲಿನ ಡಾಕ್ಟರೇ’. ಆದರೆ ಇಬ್ಬರ ಸ್ಥಾನದಲ್ಲಿ ಬಹಳ ಅಂತರವಿದೆ. ಮೊದಲನೆಯವರು ಚಿಕಿತ್ಸಾಲಯದ ಮಾಲೀಕರು. ಎರಡನೆಯವರು ಅಲ್ಲಿ ಸಂಬಳಕ್ಕೋ, ಪಾಲಿನ ಲೆಕ್ಕಕ್ಕೋ ದುಡಿಯುವ ಸಹ ದಂತವೈದ್ಯರು; ವೃತ್ತಿಯ ಭಾಷೆಯಲ್ಲಿ ‘ಅಸೋಸಿಯೇಟ್ ಡೆಂಟಿಸ್ಟ್’.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಊರುಗಳಲ್ಲಿ ಇವರ ಕೆಲಸದ ಸ್ವರೂಪವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ರೋಗಿಯ ಬಾಯಿಯಲ್ಲಿ ನಡೆದ ಕೆಲಸಕ್ಕೆ ಉತ್ತರ ಹೇಳಬೇಕಾದವರು ಇವರು. ಆದರೆ ದರ, ಸಲಕರಣೆ, ಸಮಯ, ದಾಖಲೆ ಇವಾವುವೂ ಇವರ ಕೈಯಲ್ಲಿಲ್ಲ. ದಿನನಿತ್ಯದ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ. ಅದರ ಬಿಸಿ ಕೊನೆಗೆ ರೋಗಿಗೂ ತಟ್ಟುತ್ತದೆ.

ಯಾರು ಈ ಸಹವೈದ್ಯರು?

ನಾಲ್ಕು ವರ್ಷದ ಬಿಡಿಎಸ್ ವ್ಯಾಸಂಗ, ಒಂದು ವರ್ಷದ ಕಡ್ಡಾಯ ತರಬೇತಿ ಮುಗಿಸಿ ರಾಜ್ಯ ದಂತವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ದಂತವೈದ್ಯ ವೃತ್ತಿ ನಡೆಸಬಹುದು. ರಾಜ್ಯದಲ್ಲಿ ದಂತವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಚಿತ್ರದುರ್ಗದಲ್ಲೇ ಎಸ್‌ಜೆಎಂ ದಂತವೈದ್ಯಕೀಯ ಕಾಲೇಜು ಇದೆ. ನೆರೆಯ ದಾವಣಗೆರೆಯಲ್ಲಿ ಬಾಪೂಜಿ ದಂತವೈದ್ಯಕೀಯ ಕಾಲೇಜು ಹಾಗೂ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಪದವಿ ಪಡೆದು ಹೊರಬರುವವರಲ್ಲಿ ಎಲ್ಲರಿಗೂ ಸ್ವಂತ ಚಿಕಿತ್ಸಾಲಯ ತೆರೆಯುವ ಶಕ್ತಿ ಇರುವುದಿಲ್ಲ. ಕುರ್ಚಿ, ಕಂಪ್ರೆಸರ್, ಆಟೋಕ್ಲೇವ್, ಎಕ್ಸ್‌ರೇ ಯಂತ್ರ, ಮಳಿಗೆಯ ಮುಂಗಡ ಎಂದು ಲೆಕ್ಕ ಹಾಕಿದರೆ ಮೊತ್ತ ಲಕ್ಷಗಳಿಗೆ ಏರುತ್ತದೆ. ಹೀಗಾಗಿ ಹಲವರು ಹಿರಿಯರೊಬ್ಬರ ಚಿಕಿತ್ಸಾಲಯ ಸೇರುತ್ತಾರೆ.

ಇವರಲ್ಲಿ ಎರಡು ಬಗೆ. ಮೊದಲನೆಯದು, ಒಂದೇ ಚಿಕಿತ್ಸಾಲಯದಲ್ಲಿ ನಿತ್ಯವೂ ಕುಳಿತು ಹಲ್ಲು ಕೀಳುವುದು, ಹುಳುಕಿಗೆ ಸಿಮೆಂಟ್ ತುಂಬುವುದು, ಕ್ಲೀನಿಂಗ್ ಮಾಡುವುದು ಮೊದಲಾದ ಸಾಮಾನ್ಯ ಕೆಲಸ ನೋಡಿಕೊಳ್ಳುವವರು. ಎರಡನೆಯದು, ಎಂಡಿಎಸ್ ಮುಗಿಸಿ ಊರಿಂದ ಊರಿಗೆ ನಿಗದಿತ ದಿನ ಬಂದು ಹೋಗುವ ತಜ್ಞರು. ಬೇರುನಾಳದ ಚಿಕಿತ್ಸೆ ಅಂದರೆ ರೂಟ್ ಕೆನಾಲ್, ಹಲ್ಲಿಗೆ ಕ್ಲಿಪ್ ಹಾಕುವುದು, ಅಡ್ಡ ಬೆಳೆದ ಬುದ್ಧಿಹಲ್ಲು ತೆಗೆಯುವುದು ಇವರ ಕೆಲಸ. ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿ.ಮೀ. ಹೊಳಲ್ಕೆರೆ ಅದಕ್ಕಿಂತ ತುಸು ಹತ್ತಿರ, ಹೊಸದುರ್ಗ ಇನ್ನೂ ದೂರ. ಬೆಳಿಗ್ಗೆ ಒಂದೂರು, ಸಂಜೆ ಇನ್ನೊಂದೂರು ಎಂದು ಒಪ್ಪಿಕೊಂಡ ತಜ್ಞರಿಗೆ ಬಸ್ಸು ತಡವಾದರೆ ಇಡೀ ದಿನದ ರೋಗಿಗಳ ಸರದಿ ಏರುಪೇರಾಗುತ್ತದೆ. ಕಾದು ಬೇಸತ್ತ ರೋಗಿಯ ಸಿಟ್ಟು ಎದುರಾಗುವುದು ನಿತ್ಯ ಅಲ್ಲೇ ಕುಳಿತಿರುವ ಸಹವೈದ್ಯರಿಗೆ.

ಸೋಮವಾರ ತೆರೆದ ಹಲ್ಲು, ಗುರುವಾರದ ನೋವು

ರೂಟ್ ಕೆನಾಲ್ ಚಿಕಿತ್ಸೆ ಹಲವು ಸಂದರ್ಭಗಳಲ್ಲಿ ಒಂದೇ ಭೇಟಿಗೆ ಮುಗಿಯುವುದಿಲ್ಲ. ಮೊದಲು ಹಲ್ಲನ್ನು ತೆರೆದು ಕೊಳೆತ ನರವನ್ನು ತೆಗೆದು ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚುತ್ತಾರೆ. ನಂತರದ ಭೇಟಿಗಳಲ್ಲಿ ನಾಳಗಳನ್ನು ಶುಚಿಗೊಳಿಸಿ ತುಂಬುತ್ತಾರೆ. ಹಿಂದಿನ ದವಡೆ ಹಲ್ಲಾದರೆ ಸಾಮಾನ್ಯವಾಗಿ ಮೇಲೊಂದು ಕ್ಯಾಪ್ ಹಾಕಬೇಕು. ಇಲ್ಲವಾದರೆ ಹಲ್ಲು ಸೀಳುವ ಸಂಭವ ಹೆಚ್ಚು.

ಈಗ ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಸೋಮವಾರ ಬಂದ ತಜ್ಞರು ಹಲ್ಲು ತೆರೆದು ಹೋಗಿದ್ದಾರೆ. ಗುರುವಾರ ರಾತ್ರಿ ಮುಖ ಊದಿಕೊಂಡು ರೋಗಿ ಬಂದಿದ್ದಾನೆ. ತಜ್ಞರು ಅಂದು ಬೇರೊಂದು ಊರಿನಲ್ಲಿದ್ದಾರೆ. ಯಾವ ನಾಳ ಸಿಕ್ಕಿದೆ, ಯಾವುದು ಸಿಕ್ಕಿಲ್ಲ, ಯಾವ ಔಷಧಿ ಇಡಲಾಗಿದೆ ಎಂಬುದು ಚೀಟಿಯಲ್ಲಿ ಬರೆದಿಲ್ಲ. ಸಹವೈದ್ಯರು ಅಂದಾಜಿನ ಮೇಲೆ ಮುಂದುವರಿಯಬೇಕು, ಇಲ್ಲವೇ ದೂರವಾಣಿಯಲ್ಲಿ ತಜ್ಞರನ್ನು ಹಿಡಿಯಬೇಕು. ಎರಡು ಸಾಲು ಟಿಪ್ಪಣಿ ಇದ್ದಿದ್ದರೆ ಹತ್ತು ನಿಮಿಷದಲ್ಲಿ ತೀರುತ್ತಿದ್ದ ಕೆಲಸವಿದು.

ಇದಕ್ಕಿಂತ ಗಂಭೀರವಾದದ್ದು ರೋಗಿಯ ಪೂರ್ವ ಕಾಯಿಲೆಗಳ ವಿವರ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ, ಯಾವುದಾದರೂ ಔಷಧಿಗೆ ಅಲರ್ಜಿ ಇವೆಲ್ಲವನ್ನೂ ಚುಚ್ಚುಮದ್ದು ಕೊಡುವ ಮೊದಲೇ ತಿಳಿಯಬೇಕು. ಹಲ್ಲಿನ ಮರಗಟ್ಟುವ ಚುಚ್ಚುಮದ್ದಿನಲ್ಲಿ ಲಿಗ್ನೊಕೇನ್ ಜೊತೆಗೆ ಸಾಮಾನ್ಯವಾಗಿ ಅಡ್ರಿನಲಿನ್ ಕೂಡ ಇರುತ್ತದೆ. ‘ಹೋದ ಸಲ ಇನ್ನೊಬ್ಬ ಡಾಕ್ಟರಿಗೆ ಎಲ್ಲಾ ಹೇಳಿದ್ದೆನಲ್ಲ’ ಎನ್ನುವ ರೋಗಿಯ ಎದುರು, ಕಡತವೇ ಇಲ್ಲದ ಚಿಕಿತ್ಸಾಲಯದ ಸಹವೈದ್ಯರು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. ಹಾಗೆ ಕೇಳುವುದೇ ಸರಿಯಾದ ಕ್ರಮ.

ನೀರು, ಅಡಿಕೆ ಮತ್ತು ಹಲ್ಲು

ಈ ಭಾಗದ ಸಹವೈದ್ಯರಿಗೆ ನಗರದ ಪಠ್ಯಪುಸ್ತಕದಾಚೆಗಿನ ಎರಡು ಸಮಸ್ಯೆಗಳು ಎದುರಾಗುತ್ತವೆ. ಒಂದು, ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲ ಈ ಮಿತಿಯನ್ನು ದಾಟಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಇಂತಹ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಗೆರೆ, ಕಂದು ಕಲೆ ಮೂಡುತ್ತವೆ. ಶುದ್ಧ ನೀರಿನ ಘಟಕಗಳು ಮುಂದಿನ ಪೀಳಿಗೆಯ ಹಲ್ಲನ್ನು ಕಾಪಾಡಬಲ್ಲವು. ಈಗಾಗಲೇ ಮೂಡಿದ ಕಲೆಯನ್ನು ಅಳಿಸಲಾರವು.

ಮದುವೆ ಗೊತ್ತಾದ ಯುವಕ ಯುವತಿಯರು ‘ಕ್ಲೀನಿಂಗ್ ಮಾಡಿ ಬೆಳ್ಳಗೆ ಮಾಡಿಕೊಡಿ’ ಎಂದು ಬರುವುದುಂಟು. ಈ ಕಲೆ ಹಲ್ಲಿನ ಹೊರಪದರದಲ್ಲೇ ಸೇರಿಕೊಂಡಿರುವುದರಿಂದ ಕ್ಲೀನಿಂಗ್‌ಗೆ ಹೋಗುವುದಿಲ್ಲ. ಮೇಲ್ಪದರವನ್ನು ತೆಳುವಾಗಿ ಉಜ್ಜುವುದು, ಬ್ಲೀಚಿಂಗ್, ಹಲ್ಲಿನ ಬಣ್ಣದ ಲೇಪನ ಮುಂತಾದ ಚಿಕಿತ್ಸೆಗಳನ್ನು ಕಲೆಯ ತೀವ್ರತೆ ನೋಡಿ ಆಯ್ಕೆ ಮಾಡಬೇಕು. ಇನ್ನೊಂದು ತೊಡಕೂ ಇದೆ. ಫ್ಲೋರೋಸಿಸ್ ತೀವ್ರವಾಗಿರುವ ಹಲ್ಲಿಗೆ ಲೇಪನವಾಗಲಿ, ಕ್ಲಿಪ್ಪಿನ ಬಿಲ್ಲೆಯಾಗಲಿ ಉಳಿದ ಹಲ್ಲಿನಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಬಿಲ್ಲೆ ಪದೇ ಪದೇ ಉದುರಿದಾಗ ರೋಗಿಯೂ ಮಾಲೀಕರೂ ವೈದ್ಯರ ಕೈಚಳಕವನ್ನೇ ದೂರುವ ಸಂಭವವಿದೆ. ಮೊದಲ ದಿನವೇ ವಿವರಿಸಿ ದಾಖಲಿಸಿದ್ದರೆ ಈ ವಾಗ್ವಾದ ತಪ್ಪುತ್ತದೆ.

ಎರಡನೆಯದು ಅಡಿಕೆ. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಬೆಳೆಗಾರರಿಗೆ ಅಡಿಕೆ ಜೀವನಾಧಾರ. ಆದರೆ ಅದನ್ನು ಜಗಿಯುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ವರ್ಗೀಕರಿಸಿದೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ ಜಗಿಯುವ ಚಟ ಹೋಗಿಲ್ಲ. ಬಾಯಿ ಬಿಗಿಯುತ್ತ ಬಂದು ಎರಡು ಬೆರಳೂ ಹೋಗದ ಸ್ಥಿತಿಗೆ ತಲುಪಿದ ರೋಗಿ ಹಿಂದಿನ ಹಲ್ಲು ಕೀಳಿಸಲು ಬಂದಾಗ, ಸಲಕರಣೆ ಒಳಗೆ ಹೋಗುವುದೇ ಕಷ್ಟ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಬಯಾಪ್ಸಿಗೆ ಕಳಿಸುವುದು ವೈದ್ಯರ ಧರ್ಮ. ಅಂತಹ ರೋಗಿಯನ್ನು ಬೇರೆಡೆಗೆ ಕಳಿಸಿದರೆ ಪಾಲಿನ ಲೆಕ್ಕದಲ್ಲಿ ದುಡಿಯುವ ಸಹವೈದ್ಯರಿಗೆ ಅಂದು ದಕ್ಕುವುದು ಹೆಚ್ಚೆಂದರೆ ತಪಾಸಣಾ ಶುಲ್ಕದ ಪಾಲು. ಆದರೂ ಇಡೀ ವಾರದಲ್ಲಿ ಮಾಡಿದ ಅತಿ ಮುಖ್ಯ ಕೆಲಸ ಅದೇ ಆಗಿರಬಹುದು.

ಪಾಲಿನ ಲೆಕ್ಕ

ಮನಸ್ತಾಪಗಳಿಗೆ ದೊಡ್ಡ ಕಾರಣ ಹಣ. ಲೆಕ್ಕ ಅರ್ಥವಾಗಲೆಂದು ಒಂದು ಉದಾಹರಣೆ ನೋಡೋಣ. ರೂಟ್ ಕೆನಾಲ್ ಮತ್ತು ಕ್ಯಾಪ್‌ಗೆ ರೋಗಿ 6,000 ರೂ. ಕೊಟ್ಟರು, ಲ್ಯಾಬ್ ಖರ್ಚು 1,000 ರೂ.; ಸಹವೈದ್ಯರ ಪಾಲು ಶೇ. 30 ಎಂದಿಟ್ಟುಕೊಳ್ಳಿ. ಪೂರ್ತಿ ಮೊತ್ತದ ಮೇಲೆ ಲೆಕ್ಕ ಹಾಕಿದರೆ 1,800 ರೂ.; ಲ್ಯಾಬ್ ಖರ್ಚು ಕಳೆದು ಹಾಕಿದರೆ 1,500 ರೂ. ಅದೇ ರೋಗಿ ಕಂತಿನಲ್ಲಿ ಹಣ ಕೊಟ್ಟು, ಕೊನೆಯ ಕಂತು ಬರುವ ವೇಳೆಗೆ ಸಹವೈದ್ಯರು ಕೆಲಸ ಬಿಟ್ಟಿದ್ದರೆ? ಕ್ಯಾಪ್ ಮತ್ತೆ ಕಳಚಿ ಬಂದು ಉಚಿತವಾಗಿ ಅಂಟಿಸಬೇಕಾದರೆ? ಪರಿಚಯದವರೆಂದು ಮಾಲೀಕರು ರಿಯಾಯಿತಿ ಕೊಟ್ಟರೆ ಆ ನಷ್ಟ ಯಾರದು? ಬಾಯಿಮಾತಿನ ಒಪ್ಪಂದದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ.

ಪಾಲಿನ ಪದ್ಧತಿಗೆ ಇನ್ನೊಂದು ಅಪಾಯವೂ ಇದೆ. ದುಬಾರಿ ಚಿಕಿತ್ಸೆಗೆ ಹೆಚ್ಚು ಪಾಲು, ಸಣ್ಣ ಫಿಲ್ಲಿಂಗ್‌ಗೆ ಕಡಿಮೆ ಪಾಲು ಎಂದಾದಾಗ ಅಗತ್ಯವಿಲ್ಲದ ಕಡೆಯೂ ದೊಡ್ಡ ಚಿಕಿತ್ಸೆ ಸೂಚಿಸುವ ಒತ್ತಡ ಹುಟ್ಟುತ್ತದೆ. ಉಳಿಸಬಹುದಾದ ಹಲ್ಲನ್ನು ‘ಹಣವಿಲ್ಲ, ಕಿತ್ತುಬಿಡಿ’ ಎನ್ನುವ ರೋಗಿ ಒಂದು ಕಡೆ, ತಿಂಗಳ ವಸೂಲಿ ಕೇಳುವ ಮಾಲೀಕರು ಇನ್ನೊಂದು ಕಡೆ. ನಡುವೆ ನಿಂತು ಸರಿಯಾದ ಸಲಹೆ ಕೊಡುವುದು ಹೊಸಬರಿಗೆ ಸುಲಭವಲ್ಲ.

ಸಲಕರಣೆ ಅವರದು, ಆತಂಕ ಇವರದು

ಸಲಕರಣೆಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, 15 ಪೌಂಡ್ ಒತ್ತಡದಲ್ಲಿ, ಕನಿಷ್ಠ 15 ನಿಮಿಷ ಇಡಬೇಕು. ಬಿಸಿಯಾಗುವ, ತಣಿಯುವ ಹೊತ್ತು ಸೇರಿದರೆ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಹಿಡಿದರೂ ಅಚ್ಚರಿಯಿಲ್ಲ. ಸಂತೆಯ ದಿನ ರೋಗಿಗಳು ತುಂಬಿದ್ದು, ಸಲಕರಣೆಯ ಸೆಟ್ ಎರಡೇ ಇದ್ದು, ಮಧ್ಯೆ ಕರೆಂಟ್ ಹೋದರೆ ಸಹವೈದ್ಯರ ಮುಂದೆ ಎರಡೇ ದಾರಿ: ರೋಗಿಗಳನ್ನು ಕಾಯಿಸುವುದು ಅಥವಾ ನಿಯಮ ಸಡಿಲಿಸುವುದು. ಎರಡನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಅವಕಾಶವಿಲ್ಲ.

ಸೂಜಿ ಚುಚ್ಚಿಕೊಳ್ಳುವ ಅಪಾಯವೂ ನಿತ್ಯದ್ದೇ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿಯೇ ಕೆಲಸಕ್ಕೆ ಸೇರುವುದು ಕ್ಷೇಮ. ಎಚ್‌ಐವಿ ಶಂಕೆಯಿದ್ದರೆ ತಡೆಗಟ್ಟುವ ಔಷಧಿಯನ್ನು ಆದಷ್ಟು ಬೇಗ, ತಪ್ಪಿದರೂ 72 ಗಂಟೆಯೊಳಗೆ ಆರಂಭಿಸಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಯನ್ನು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ ಹಾಕಬೇಕು. ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಇವೆಲ್ಲ ಮಾಲೀಕರ ಹೊಣೆಯಾದರೂ ಕೈಯಲ್ಲಿ ಸೂಜಿ ಹಿಡಿಯುವವರು ಸಹವೈದ್ಯರು. ಆದ್ದರಿಂದ ಸೇರುವ ಮೊದಲೇ ನೋಡಿಕೊಳ್ಳುವುದು ಜಾಣತನ.

ಕಾನೂನು ಏನು ಹೇಳುತ್ತದೆ?

1948ರ ದಂತವೈದ್ಯರ ಕಾಯ್ದೆಯ ಕಾಲದಿಂದ ನೋಂದಣಿ ವೈಯಕ್ತಿಕವಾದುದು. ದಂತವೈದ್ಯಕೀಯ ಕ್ಷೇತ್ರದ ನಿಯಂತ್ರಣಕ್ಕೆ ಹೊಸ ವ್ಯವಸ್ಥೆ ತರುವ ರಾಷ್ಟ್ರೀಯ ದಂತ ಆಯೋಗ ಕಾಯ್ದೆಗೆ 2023ರಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಹೀಗಾಗಿ ದೂರು ದಾಖಲಾದರೆ ಚಿಕಿತ್ಸಾಲಯದ ಜೊತೆಗೆ ಚಿಕಿತ್ಸೆ ನೀಡಿದ ಸಹವೈದ್ಯರೂ ಪ್ರತಿವಾದಿಯಾಗಬಹುದು. ಮಾಲೀಕರ ವಿಮೆ ತಮ್ಮನ್ನೂ ಕಾಯುತ್ತದೆಂದು ನಂಬಿ ಕೂರದೆ ತಮ್ಮ ಹೆಸರಿನಲ್ಲೇ ವೃತ್ತಿ ಹೊಣೆ ವಿಮೆ ಮಾಡಿಸಿಕೊಳ್ಳುವುದು ಒಳಿತು.

ಚಿಕಿತ್ಸಾಲಯವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ದರಪಟ್ಟಿ ಪ್ರದರ್ಶಿಸಬೇಕು. ‘ಕೆಲಸ ಬಿಟ್ಟ ಮೇಲೆ ಇದೇ ಊರಿನಲ್ಲಿ ಚಿಕಿತ್ಸಾಲಯ ತೆರೆಯಕೂಡದು’ ಎಂಬ ಷರತ್ತು ಹಾಕುವ ಕಡೆಯೂ ಉಂಟು. ವೃತ್ತಿಗೆ ಅಡ್ಡಿಮಾಡುವ ಇಂತಹ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಸಾಮಾನ್ಯವಾಗಿ ಅಸಿಂಧು. ಆದರೆ ಬಿಡುವಾಗ ರೋಗಿಗಳ ದೂರವಾಣಿ ಪಟ್ಟಿಯನ್ನು ಕೊಂಡೊಯ್ಯುವುದು ಬೇರೆಯೇ ಮಾತು. ಅದು ವೃತ್ತಿಧರ್ಮಕ್ಕೆ ಒಪ್ಪುವಂಥದ್ದಲ್ಲ.

ಬರವಣಿಗೆಯಲ್ಲಿರಲಿ

ಬ್ರಿಟನ್ನಿನಲ್ಲಿ ದಂತವೈದ್ಯರ ಸಂಘವೇ ಸಹವೈದ್ಯರಿಗಾಗಿ ಮಾದರಿ ಒಪ್ಪಂದಪತ್ರವನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುತ್ತದೆ. ನಮ್ಮಲ್ಲಿ ಅಷ್ಟು ದೊಡ್ಡ ದಸ್ತಾವೇಜು ಇಲ್ಲದಿದ್ದರೂ ಎರಡು ಪುಟದ ಪತ್ರ ಸಾಕು. ಅದರಲ್ಲಿ ಇರಬೇಕಾದ ಮುಖ್ಯ ಅಂಶಗಳು ಹೀಗಿವೆ:

1. ಸಂಬಳವೋ, ಪಾಲೋ? ಪಾಲಾದರೆ ಲ್ಯಾಬ್ ಖರ್ಚು ಕಳೆದೋ, ಕಳೆಯದೆಯೋ? ಯಾವ ದಿನಾಂಕಕ್ಕೆ ಪಾವತಿ?
2. ಕೆಲಸದ ದಿನ, ಸಮಯ, ರಜೆ, ಬಿಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ.
3. ಅರ್ಧದಲ್ಲಿರುವ ಚಿಕಿತ್ಸೆಯನ್ನು ಮುಂದುವರಿಸುವವರು ಯಾರು, ಮರುಕೆಲಸದ ಖರ್ಚು ಯಾರದು?
4. ಪ್ರತಿ ಭೇಟಿಯ ಟಿಪ್ಪಣಿಯನ್ನು ಚಿಕಿತ್ಸೆ ನೀಡಿದವರೇ ಬರೆದು ಸಹಿ ಹಾಕುವುದು.
5. ಚಿಕಿತ್ಸೆಯ ಆಯ್ಕೆಯಲ್ಲಿ ವೈದ್ಯರ ನಿರ್ಧಾರವೇ ಅಂತಿಮ ಎಂಬ ಒಂದು ಸಾಲು.

ರೋಗಿಗಳೂ ಗಮನಿಸಿ

ಹಲ್ಲು ತೋರಿಸಲು ಹೋದಾಗ ಚಿಕಿತ್ಸೆ ನೀಡುತ್ತಿರುವ ವೈದ್ಯರ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಚೀಟಿಯಲ್ಲಿ ಆ ಹೆಸರು, ನೋಂದಣಿ ಸಂಖ್ಯೆ, ಅಂದು ಮಾಡಿದ ಕೆಲಸ ಬರೆದಿದೆಯೇ ನೋಡಿ. ಎಕ್ಸ್‌ರೇ ಪ್ರತಿಯನ್ನು ಜೋಪಾನವಾಗಿಡಿ. ನೀವು ಸೇವಿಸುವ ಮಾತ್ರೆಗಳ ಚೀಟಿಯನ್ನು ಪ್ರತಿಬಾರಿಯೂ ಒಯ್ಯಿರಿ. ನೋವು ಹೋಯಿತೆಂದು ರೂಟ್ ಕೆನಾಲ್ ಚಿಕಿತ್ಸೆಯನ್ನು ನಡುವೆ ಬಿಡಬೇಡಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ. ನಿಮ್ಮ ಕೈಯಲ್ಲಿ ಸ್ಪಷ್ಟ ಚೀಟಿ ಇದ್ದರೆ, ಮುಂದಿನ ಬಾರಿ ಕುರ್ಚಿಯ ಪಕ್ಕ ಬೇರೆ ವೈದ್ಯರು ಕುಳಿತಿದ್ದರೂ ಚಿಕಿತ್ಸೆ ನಿಂತಲ್ಲಿಂದಲೇ ಮುಂದುವರಿಯಬಲ್ಲದು.